ಕ್ರೇಟರ್ ಅಂದರೆ ಬಟ್ಟಲು

ಕೆಲವು ವರ್ಷಗಳ ಹಿಂದೆ ಚಂದ್ರನ ಬಗ್ಗೆ ಒಂದು ಇಂಗ್ಲಿಷ್ ಲೇಖನವನ್ನು ಕನ್ನಡಕ್ಕೆ ತಂದಿದ್ದೆ. ‘ಕ್ರೇಟರ್’ ಬಂದ ಕಡೆಯಲ್ಲೆಲ್ಲ ನಿಘಂಟು ನೋಡಿ ‘ಜ್ವಾಲಾಮುಖಿಯ ಬಾಯಿ’ ಅಂತ ಬರೆದುಬಿಟ್ಟೆ. ಒಂದಲ್ಲ ಎರಡಲ್ಲ, ಹನ್ನೊಂದು ಸಲ. ಅಚ್ಚೂ ಆಯಿತು, ಯಾರೂ ಏನೂ ಕೇಳಲಿಲ್ಲ. ಚಂದ್ರನ ಮೇಲಿನ ಕುಳಿಗಳು, ತೀರಾ ಕೆಲವನ್ನು ಬಿಟ್ಟರೆ, ಹೊರಗಿನಿಂದ ಕಲ್ಲು ಬಂದು ಬಡಿದು ಆದವು ಅಂತ ಆಮೇಲೆ ಗೊತ್ತಾಗಿ ನಾಚಿಕೆಯಾಯಿತು. ಆದರೆ ಆ ಪದದ ಬೆನ್ನು ಹತ್ತಿದ ಮೇಲೆ ಸ್ವಲ್ಪ ಸಮಾಧಾನವೂ ಆಯಿತು. ನನಗಿಂತ ಎಷ್ಟೋ ದೊಡ್ಡವರು ಇದೇ ಗುಂಡಿಗೆ ಬಿದ್ದಿದ್ದಾರೆ.

ಕ್ರೇಟರ್ ಮೂಲದಲ್ಲಿ ಗ್ರೀಕ್ ಮಾತು. ಹಳೇ ಗ್ರೀಕರು ವೈನಿಗೆ ನೀರು ಬೆರೆಸಿ ಕುಡಿಯುತ್ತಿದ್ದರು. ಹಾಗೆ ಬೆರೆಸುವ ಅಗಲ ಬಾಯಿಯ ಪಾತ್ರೆಗೆ ಆ ಹೆಸರು. ಬೆಂಕಿಬೆಟ್ಟದ ನೆತ್ತಿಯ ಹಳ್ಳವೂ ಬಟ್ಟಲಿನ ಹಾಗೇ ಕಂಡಿತು, ಅದಕ್ಕೂ ಅದೇ ಹೆಸರು ಬಂತು. ಅಂದಹಾಗೆ, ಕ್ರೇಟರ್ ಅಂತ ಒಂದು ನಕ್ಷತ್ರಪುಂಜವೂ ಇದೆ. ಅದಕ್ಕೂ ಗುಂಡಿಗೂ ಸಂಬಂಧವಿಲ್ಲ. ಅದು ಇವತ್ತಿಗೂ ಬರೀ ಬಟ್ಟಲು.

1610ರಲ್ಲಿ ಗೆಲಿಲಿಯೋ ಚಂದ್ರನ ಕುಳಿಗಳ ಬಗ್ಗೆ ಬರೆದಾಗ ಈ ಪದ ಬಳಸಲಿಲ್ಲ. ನವಿಲುಗರಿಯ ಕಣ್ಣುಗಳಿಗೆ ಹೋಲಿಸಿದ. ಎಷ್ಟು ಚೆನ್ನಾಗಿದೆ ಅಲ್ವಾ? ಕ್ರೇಟರ್ ಅನ್ನೋದನ್ನು ಚಂದ್ರನಿಗೆ ಅಂಟಿಸಿದ್ದು ಜರ್ಮನಿಯ ಖಗೋಳ ವೀಕ್ಷಕ ಷ್ರೋಟರ್, 1791ರಲ್ಲಿ. ಆಕಾರ ನೋಡಿ ಇಟ್ಟ ಹೆಸರು ಅನ್ನಬಹುದು. ಆದರೆ ಅಷ್ಟು ಹೊತ್ತಿಗೆ ಆ ಪದಕ್ಕೆ ಬೆಂಕಿಯ ವಾಸನೆ ಹತ್ತಿಬಿಟ್ಟಿತ್ತು. ಆಮೇಲೆ ನೂರೈವತ್ತು ವರ್ಷ, ಕ್ರೇಟರ್ ಅಂದಮೇಲೆ ಜ್ವಾಲಾಮುಖಿಯೇ ಇರಬೇಕು ಅಂತ ಹೆಚ್ಚಿನವರು ನಂಬಿಕೊಂಡಿದ್ದರು. ತಪ್ಪೆಲ್ಲ ಪದದ್ದೇ ಅಂತ ಹೇಳುತ್ತಿಲ್ಲ. ಆದರೆ ಹೆಸರು ಮೊದಲೇ ಉತ್ತರ ಹೇಳಿಬಿಟ್ಟರೆ ಪ್ರಶ್ನೆ ಕೇಳೋದು ಕಷ್ಟ.

ಕೇಳಿದವರು ಇದ್ದರು. 1665ರಲ್ಲೇ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಹಸಿ ಜೇಡಿಮಣ್ಣಿಗೆ ಗುಂಡು ಬೀಳಿಸಿ ಚಂದ್ರನ ಕುಳಿಗಳಂಥ ಗುರುತು ಬರುತ್ತದೆ ಅಂತ ನೋಡಿದ್ದ. ಅಂಥ ಗುಂಡುಗಳು ಅಲ್ಲಿಗೆ ಎಲ್ಲಿಂದ ಬರಬೇಕು ಅಂದುಕೊಂಡು ಅದನ್ನು ಬಿಟ್ಟುಬಿಟ್ಟ. 1893ರಲ್ಲಿ ಅಮೆರಿಕದ ಭೂವಿಜ್ಞಾನಿ ಗಿಲ್ಬರ್ಟ್ ಇವು ಬಡಿತದಿಂದಲೇ ಆದವು ಅಂತ ವಾದಿಸಿದ. ಅವನನ್ನು ಕಾಡಿದ್ದು ಒಂದೇ ವಿಷಯ: ಕಲ್ಲುಗಳು ಓರೆಯಾಗಿಯೂ ಬರುತ್ತವೆ, ಹಾಗಿದ್ದರೆ ಕುಳಿಗಳೆಲ್ಲ ದುಂಡಗೆ ಯಾಕಿವೆ?

ನಾನೂ ತಟ್ಟೆ ತುಂಬ ಹಿಟ್ಟು ಹರಡಿ ಗೋಲಿ ಎಸೆದು ನೋಡಿದೆ. ನೇರವಾಗಿ ಬಿಟ್ಟರೆ ಒಳ್ಳೇ ಬಟ್ಟಲು, ಸುತ್ತ ಎದ್ದ ಅಂಚು, ಹೊರಗೆ ಚಿಮ್ಮಿದ ಹಿಟ್ಟಿನ ಗೆರೆಗಳು. ಓರೆಯಾಗಿ ಎಸೆದರೆ ಉದ್ದನೆಯ ಗೀರು. ಗಿಲ್ಬರ್ಟನ ತಲೆನೋವು ಇದೇ. ಉತ್ತರ ವೇಗದಲ್ಲಿದೆ. ಆಕಾಶದ ಕಲ್ಲು ಸೆಕೆಂಡಿಗೆ ಹತ್ತಾರು ಕಿಲೋಮೀಟರ್ ವೇಗದಲ್ಲಿ ಬರುತ್ತದೆ. ಅದು ನೆಲವನ್ನು ಕೊರೆಯುವುದಿಲ್ಲ, ಬಾಂಬಿನ ಹಾಗೆ ಸಿಡಿಯುತ್ತದೆ. ಸಿಡಿತಕ್ಕೆ ಓರೆ, ನೇರ ಅಂತ ಅಷ್ಟೇನೂ ಲೆಕ್ಕವಿಲ್ಲ, ಕುಳಿ ದುಂಡಗೇ ಆಗುತ್ತದೆ. ತಮಾಷೆ ಅಂದರೆ, ಚಂದ್ರನ ವಿಷಯದಲ್ಲಿ ಸರಿಯಾಗಿ ಹೇಳಿದ ಇದೇ ಗಿಲ್ಬರ್ಟ್ ಅರಿಜೋನಾದ ಕುಳಿಯ ಬಳಿಗೇ ಹೋಗಿ ಬಂದು, ಅದು ನೆಲದೊಳಗಿನ ಹಬೆ ಸಿಡಿದು ಆದದ್ದು ಅಂದ! 1960ರ ಹೊತ್ತಿಗೆ ಭೂವಿಜ್ಞಾನಿ ಶೂಮೇಕರ್ ಮತ್ತು ಜೊತೆಗಾರರು ಅಲ್ಲಿ ಭಾರೀ ಒತ್ತಡದಲ್ಲಿ ಮಾತ್ರ ಆಗುವ ಕೋಯಸೈಟ್ ಖನಿಜ ಹುಡುಕಿದ ಮೇಲೆ ಆ ವಾದ ಮುಗಿಯಿತು, ಅದೂ ಬಡಿತದ ಕುಳಿಯೇ.

ಇಂಗ್ಲಿಷಿನಲ್ಲಿ ಪದ ಹಾಗೇ ಉಳಿಯಿತು, ಅರ್ಥ ಬದಲಾಯಿತು. ಈಗ ಮಾರುಕಟ್ಟೆ ಕುಸಿದರೂ ‘ಕ್ರೇಟರ್’ ಆಯಿತು ಅನ್ನುತ್ತಾರೆ. ಇನ್ನು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಪಟ್ಟಿಯಲ್ಲಿ ಚಂದ್ರನ ಕುಳಿಗಳ ಹೆಸರಿನ ಜೊತೆ ಆ ಪದವೇ ಇರುವುದಿಲ್ಲ. ‘ಸಮುದ್ರ’ ಅಂತ ಕರೆಯುವ ಕಪ್ಪು ಬಯಲಿಗೆ ಮಾರೆ, ಬೆಟ್ಟಕ್ಕೆ ಮಾನ್ಸ್ ಅಂತ ಲ್ಯಾಟಿನ್ ಬಾಲ ಉಂಟು. ಕುಳಿಗೆ ಮಾತ್ರ ಬರೀ ಟೈಕೋ, ಕೊಪರ್ನಿಕಸ್, ಸಾರಾಭಾಯಿ. ಈ ಸಾರಾಭಾಯಿ 1973ರವರೆಗೆ ‘ಬೆಸೆಲ್ ಎ’ ಆಗಿತ್ತು, ಪಕ್ಕದ ದೊಡ್ಡ ಕುಳಿ ಬೆಸೆಲ್‌ನ ನೆರಳಲ್ಲಿ.

ಕನ್ನಡಕ್ಕೆ ನನ್ನ ಓಟು ‘ಕುಳಿ’ಗೆ. ಅದು ಆಕಾರ ಹೇಳಿ ಸುಮ್ನಾಗುತ್ತದೆ, ಯಾರು ತೋಡಿದರು ಅಂತ ಹೇಳುವುದಿಲ್ಲ. ಒಂದೇ ತೊಂದರೆ, ಕುಳಿ ಅಂದಾಗ ಕಣ್ಣಿಗೆ ಬರುವುದು ಆಳ. ಟೈಕೋ ಸುಮಾರು 85 ಕಿಲೋಮೀಟರ್ ಅಗಲ, ಆಳ 5ಕ್ಕೂ ಕಡಿಮೆ. ಗುಂಡಿಗಿಂತ ತಟ್ಟೆ ಅನ್ನೋದೇ ವಾಸಿ. ಇನ್ನು 230 ಕಿಲೋಮೀಟರ್ ಅಗಲದ ಕ್ಲೇವಿಯಸ್‌ನ ನಡುವೆ ನಿಂತರೆ ಸುತ್ತಲ ಗೋಡೆ ಹೆಚ್ಚುಕಡಿಮೆ ಪೂರ್ತಿ ದಿಗಂತದ ಕೆಳಗೆ ಅಡಗಿಬಿಡುತ್ತದೆ. ಕುಳಿಯೊಳಗೆ ಇದ್ದೀವಿ ಅಂತಲೇ ಗೊತ್ತಾಗುವುದಿಲ್ಲ. ಇಂಥವನ್ನು ಇಂಗ್ಲಿಷಿನ ಹಳೇ ವೀಕ್ಷಕರು ‘ಗೋಡೆಯ ಬಯಲು’ ಅನ್ನುತ್ತಿದ್ದರು. ಆ ಹೆಸರು ಈಗ ಮರೆಯಾಗುತ್ತಿದೆ, ನನಗೇನೋ ಬೇಜಾರು.

ನನ್ನ ಆ ಹಳೇ ಲೇಖನ ಯಾರ ಹತ್ತಿರವಾದರೂ ಇದ್ದರೆ, ದಯವಿಟ್ಟು ಹನ್ನೊಂದು ಕಡೆಯೂ ಪೆನ್ನಿನಲ್ಲಿ ತಿದ್ದಿಕೊಳ್ಳಿ.