ನಾಲ್ಕು ವರ್ಷದ ತೆರಿಗೆ, ಒಂದೇ ನೋಟಿಸು

2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ಚೀಟಿ ಅಂಟಿದ ಫೋಟೊಗಳು ನಾನಿರುವ ಕೀನ್ಯಾದ ನೈರೋಬಿಯವರೆಗೂ ಹರಿದಾಡಿದವು. ಯುಪಿಐನಲ್ಲಿ ಬಂದ ದುಡ್ಡಿನ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಹಳೆ ವರ್ಷಗಳ ಜಿಎಸ್‌ಟಿ ನೋಟಿಸು ಕಳಿಸಿತ್ತು. ಕೀನ್ಯಾದಲ್ಲಿ ಫೋನಿನಿಂದಲೇ ದುಡ್ಡು ಕಳಿಸುವ ಎಂ-ಪೇಸಾ 2007ರಿಂದ ಇದೆ, ರಸ್ತೆಬದಿಯಲ್ಲಿ ಸೊಪ್ಪು ಮಾರುವ ಹೆಂಗಸೂ ಫೋನಿನಲ್ಲೇ ದುಡ್ಡು ತಗೊಳ್ಳುತ್ತಾಳೆ. ನಮ್ಮ ಯುಪಿಐ ಅದಕ್ಕಿಂತ ಮುಂದೆ ಎಂದು ಇಲ್ಲಿ ಕೊಚ್ಚಿಕೊಳ್ಳುತ್ತಿದ್ದ ನನ್ನಂಥವರಿಗೆ ಆ ಚೀಟಿ ಚೆನ್ನಾಗೇ ಚುಚ್ಚಿತು.

ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಬಂದ ನೋಟಿಸನ್ನೇ ತಗೊಳ್ಳಿ. ನಾಲ್ಕು ವರ್ಷದ ವಹಿವಾಟು 1.63 ಕೋಟಿ, ಕೇಳಿದ ತೆರಿಗೆ ಸುಮಾರು 29 ಲಕ್ಷ. ಅಂದರೆ ಬಂದ ದುಡ್ಡನ್ನೆಲ್ಲ 18 ಪರ್ಸೆಂಟಿನಿಂದ ಗುಣಿಸಿದ್ದಾರೆ. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಬರೀ ವಿನಾಯಿತಿ ಮಾಲು ಮಾರುವವರು ಎಷ್ಟೇ ವ್ಯಾಪಾರ ಮಾಡಿದರೂ ನೋಂದಣಿ ಮಾಡಿಸಬೇಕಾಗಿಲ್ಲ. ಮೇಲಾಗಿ ವರ್ಷಕ್ಕೆ ಹಂಚಿದರೆ ಸರಾಸರಿ 40.75 ಲಕ್ಷ, ಸರಕು ಮಾರುವವರ ನೋಂದಣಿ ಮಿತಿ 40 ಲಕ್ಷ; ದಾಟಿದ್ದು ಕೂದಲೆಳೆಯಷ್ಟು. ಇನ್ನು ಯುಪಿಐ ಖಾತೆಗೆ ವ್ಯಾಪಾರದ ದುಡ್ಡಷ್ಟೇ ಬೀಳುವುದೂ ಇಲ್ಲ. ಚೀಟಿ ದುಡ್ಡು, ಕೈಸಾಲ, ಭಾವಮೈದ ಹಾಕಿದ್ದು ಎಲ್ಲ ಅದರಲ್ಲೇ ಇರುತ್ತದೆ.

ತೆರಿಗೆ ಹಾಕಿದ್ದಕ್ಕೆ ನನ್ನ ತಕರಾರಿಲ್ಲ. ಹೊಡೆತ ಬಿದ್ದದ್ದು ತಡವಾಗಿ ಕೇಳಿದ್ದರಿಂದ. 50 ಲಕ್ಷ ವಹಿವಾಟಿನ ಬೇಕರಿ ಆರಂಭದಲ್ಲೇ ಕಾಂಪೋಸಿಷನ್ ಸ್ಕೀಮಿಗೆ (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರ ಕಟ್ಟುವ ಯೋಜನೆ) ಸೇರಿದ್ದರೆ 1 ಪರ್ಸೆಂಟ್, ಹೆಚ್ಚೆಂದರೆ ವರ್ಷಕ್ಕೆ 50 ಸಾವಿರ. ಮೂರು ತಿಂಗಳಿಗೊಮ್ಮೆ ತೆರಿಗೆ ಕಟ್ಟುವ ಸಿಎಂಪಿ-08 ಫಾರಂ, ವರ್ಷಕ್ಕೊಂದು ಜಿಎಸ್‌ಟಿಆರ್-4 ರಿಟರ್ನ್, ಮುಗಿಯಿತು. ಆದರೆ ಹಿಂದಿನ ತಾರೀಖಿನಿಂದ ಸೇರಲು ಬರುವುದಿಲ್ಲ. ಹಾಗಾಗಿ ಹಳೆ ವರ್ಷಗಳಿಗೆ ಪೂರ್ತಿ ದರ, ಮೇಲೆ ಬಡ್ಡಿ, ದಂಡ. ಅಂಗಡಿಯವನು ಅಷ್ಟು ದುಡ್ಡು ಎಲ್ಲಿಂದ ತರುತ್ತಾನೆ? ಮೀಟರ್ ಬಡ್ಡಿಯವನ ಹತ್ತಿರ. ಕಷ್ಟಪಟ್ಟು ಬಡತನದಿಂದ ಒಂದು ಮೆಟ್ಟಿಲು ಹತ್ತಿದವನನ್ನು ಸರ್ಕಾರವೇ ಕೆಳಕ್ಕೆ ತಳ್ಳುವುದು ಅಂದರೆ ಇದು.

ಸಣ್ಣ ವ್ಯಾಪಾರಿಗಳು ತೆರಿಗೆಯನ್ನೇ ಕಟ್ಟಲ್ಲ ಎನ್ನುವುದೂ ಸುಳ್ಳು. ಟೀ ಅಂಗಡಿಯ ಕಮರ್ಷಿಯಲ್ ಸಿಲಿಂಡರಿಗೆ 18 ಪರ್ಸೆಂಟ್ ಜಿಎಸ್‌ಟಿ. ನೋಂದಣಿ ಇಲ್ಲದವನಿಗೆ ಅದರಲ್ಲಿ ಬಿಡಿಗಾಸೂ ವಾಪಸ್ಸಿಲ್ಲ. 2022ರ ಜುಲೈ ಆದ ಮೇಲೆ ಅಕ್ಕಿಯ ಕಥೆ ಇನ್ನೂ ಸೊಗಸು: ಲೇಬಲ್ ಹಚ್ಚಿದ 5 ಕೆಜಿ ಪ್ಯಾಕೆಟ್ಟಿಗೆ 5 ಪರ್ಸೆಂಟ್, 26 ಕೆಜಿ ಮೂಟೆಗೆ ಸೊನ್ನೆ. ಒಂದೇ ಸಲ ಮೂಟೆ ಎತ್ತುವ ತಾಕತ್ತಿದ್ದವನಿಗೆ ತೆರಿಗೆ ಉಳಿಯಿತು!

ಕೀನ್ಯಾದಲ್ಲಿ ವರ್ಷಕ್ಕೆ 10 ಲಕ್ಷ ಶಿಲ್ಲಿಂಗ್ ದಾಟಿದ ಸಣ್ಣ ವ್ಯಾಪಾರಿಗೆ ಟರ್ನೋವರ್ ಟ್ಯಾಕ್ಸ್ (ವಹಿವಾಟಿನ ಮೇಲಿನ ತೆರಿಗೆ), 2023ರ ಜುಲೈನಿಂದ 3 ಪರ್ಸೆಂಟ್. ಪ್ರತಿ ತಿಂಗಳು 20ರೊಳಗೆ ತೆರಿಗೆ ಇಲಾಖೆಯ ವೆಬ್‌ಸೈಟ್ ಐಟ್ಯಾಕ್ಸ್‌ನಲ್ಲಿ ಹಿಂದಿನ ತಿಂಗಳ ಮಾರಾಟ ತುಂಬಿದರೆ ಒಂದು ಪಾವತಿ ನಂಬರು ಬರುತ್ತದೆ, ಅದಕ್ಕೆ ಎಂ-ಪೇಸಾದಿಂದ ಕಟ್ಟಿದರಾಯಿತು. ಬಿಲ್ ಕೊಡುವ ಇಟಿಮ್ಸ್ ವ್ಯವಸ್ಥೆ ಸಾದಾ ಫೋನಿನಲ್ಲೂ ನಡೆಯುತ್ತದೆ. ಕಟ್ಟಬೇಕಾದ ತಿಂಗಳಲ್ಲೇ ಕೇಳುವುದರಿಂದ ಬಾಕಿ ಬೆಟ್ಟವಾಗಿ ಬೆಳೆಯಲು ಬಿಡುವುದಿಲ್ಲ. ಕರ್ನಾಟಕದವರಿಗೆ ಇಷ್ಟು ಹೊಳೆಯದೆ ಹೋಯಿತೇ? ಯುಪಿಐ ಲೆಕ್ಕ ಇಲಾಖೆಯ ಕೈಯಲ್ಲೇ ಇದೆ ತಾನೇ. ಖಾತೆಗೆ 30 ಲಕ್ಷ ಬಂದಾಗಲೇ ಕನ್ನಡದಲ್ಲಿ ಒಂದು ಎಸ್ಸೆಮ್ಮೆಸ್ ಕಳಿಸಿ, ಏನು ಮಾರುತ್ತೀರಿ ಎಂದು ಕೇಳಿ, ಕಾಂಪೋಸಿಷನ್ ದಾರಿ ತೋರಿಸಬಹುದಿತ್ತು.

ಇಷ್ಟು ಬೈದ ಮೇಲೆ ಒಪ್ಪಿಕೊಳ್ಳಬೇಕಾದದ್ದೂ ಇದೆ. ಇಲ್ಲಿಯ 3 ಪರ್ಸೆಂಟ್ ಬೀಳುವುದು ಲಾಭದ ಮೇಲಲ್ಲ, ಮಾರಾಟದ ಮೇಲೆ. ದಿನಕ್ಕೆ 3,000 ಶಿಲ್ಲಿಂಗ್ ವ್ಯಾಪಾರ ಮಾಡುವ ತರಕಾರಿಯವಳೂ ಈ ಲೆಕ್ಕದೊಳಗೆ ಬರುತ್ತಾಳೆ. ದಿನಕ್ಕೆ 90 ಶಿಲ್ಲಿಂಗ್ ತೆಗೆದಿಡಬೇಕು, ಟೊಮೆಟೊ ಕೊಳೆತು ನಷ್ಟವಾದ ದಿನವೂ. ಹಾವೇರಿಯವರಿಗೆ ಕಾನೂನಿನ ಪ್ರಕಾರ ಅದೇ ತರಕಾರಿಗೆ ಸೊನ್ನೆ. ಬೇಕರಿಯವನಿಗೂ ನಮ್ಮ 1 ಪರ್ಸೆಂಟೇ ಹಗುರ. ಇನ್ನು ಎಂ-ಪೇಸಾದಲ್ಲಿ ದುಡ್ಡು ಕಳಿಸುವ ಶುಲ್ಕದ ಮೇಲೆ ಇಲ್ಲಿ 15 ಪರ್ಸೆಂಟ್ ಅಬಕಾರಿ ಸುಂಕ ಬೇರೆ. ನಮ್ಮವರು ಬ್ಯಾಂಕ್ ಖಾತೆಯಿಂದ ಯುಪಿಐ ಮಾಡಿದರೆ ಶುಲ್ಕವೇ ಇಲ್ಲ.

ಸರ್ಕಾರ ಹಿಂದೆ ಸರಿದ ರೀತಿಯಲ್ಲೂ ನಮ್ಮದೇ ವಾಸಿ ಅನ್ನಬೇಕೇನೋ. ಇಲ್ಲಿ 2024ರ ಹಣಕಾಸು ಮಸೂದೆಯಲ್ಲಿ ಬ್ರೆಡ್ಡಿಗೆ 16 ಪರ್ಸೆಂಟ್ ವ್ಯಾಟ್ ಹಾಕಹೊರಟರು. ವಿರೋಧ ಬಂದಾಗ ಅದನ್ನೂ ಇನ್ನು ಕೆಲವನ್ನೂ ಮಾತ್ರ ಕೈಬಿಟ್ಟರು. ಜೂನ್ 25ರಂದು ಜನ ಪಾರ್ಲಿಮೆಂಟಿಗೆ ನುಗ್ಗಿ, ಗುಂಡು ಹಾರಿ, ಪ್ರಾಣಗಳು ಹೋದ ಮೇಲಷ್ಟೇ ಅಧ್ಯಕ್ಷ ರುಟೊ ಇಡೀ ಮಸೂದೆಗೆ ಸಹಿ ಹಾಕಲ್ಲ ಎಂದದ್ದು. ಬೆಂಗಳೂರಿನಲ್ಲಿ ವ್ಯಾಪಾರಿಗಳು ಬಂದ್ ಮಾಡುತ್ತೇವೆ ಎಂದರು, ಮುಖ್ಯಮಂತ್ರಿ ಕರೆದು ಕೂರಿಸಿಕೊಂಡು ಹಳೆ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿ ಎಂದರು. ಆ ಮಾತನ್ನು ನೋಟಿಸಿಗೆ ಮೊದಲೇ ಆಡಿದ್ದರೆ ಏನು ಗಂಟು ಹೋಗುತ್ತಿತ್ತೋ ನನಗಂತೂ ಅರ್ಥವಾಗಿಲ್ಲ.