ಚರ್ಚ್ ಸ್ಟ್ರೀಟಿನ ರಾತ್ರಿಯಲ್ಲಿ ಸಿಕ್ಕ ಮಳವಳ್ಳಿಯ ಅಣ್ಣ

"ರಾತ್ರಿ ಹೊತ್ತು ಚರ್ಚ್ ಸ್ಟ್ರೀಟ್ ಕಡೆಗೆಲ್ಲ ಹೋಗ್ಬೇಡ" ಅಂತ ಅಕ್ಕನ ಮಗಳಿಗೆ ಎಷ್ಟು ಸಲ ಹೇಳಿದ್ದೀನೋ ಲೆಕ್ಕವಿಲ್ಲ. ಅವಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಮೂರು ವರ್ಷ ಆಯ್ತು. "ಚಿಕ್ಕಮ್ಮ, ಒಂದ್ಸಲ ಬಂದು ನೋಡು, ಆಮೇಲೆ ಬೈಯುವಂತೆ" ಅಂದಳು. ಹೋದ ಶನಿವಾರ ಮಂಡ್ಯದಲ್ಲಿ ರೈಲು ಹತ್ತಿದೆ.

ನನ್ನ ಭಯಕ್ಕೆ ಕಾರಣ ಇತ್ತು. 2016ರ ಡಿಸೆಂಬರ್ 31ರ ರಾತ್ರಿ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಯ ಜಂಗುಳಿಯಲ್ಲಿ ಹೆಣ್ಣುಮಕ್ಕಳ ಮೈಮೇಲೆ ಕೈ ಹಾಕಿದ ಸುದ್ದಿ ನಾನಿನ್ನೂ ಮರೆತಿಲ್ಲ. ಆಗ ಕೈ ಹಾಕಿದವರಿಗಿಂತ ಆ ಹುಡುಗಿಯರ ಬಟ್ಟೆಯ ಬಗ್ಗೆಯೇ ಜಾಸ್ತಿ ಮಾತಾಡಿದ್ದರು. ಅದೂ ನೆನಪಿದೆ.

ನಾವು ಅದೇ ಎಂ.ಜಿ. ರಸ್ತೆ ಪಕ್ಕದ ಚರ್ಚ್ ಸ್ಟ್ರೀಟಿಗೆ ಬಂದಾಗ ಒಂಬತ್ತು ಗಂಟೆ. ಕಲ್ಲು ಹಾಸಿದ ರಸ್ತೆ, ಎರಡೂ ಕಡೆ ಪಬ್ಬು, ಹೋಟೆಲು, ನಡುನಡುವೆ ಪುಸ್ತಕದ ಅಂಗಡಿ. ತೇರಿನ ದಿನದಷ್ಟು ಜನ. ಒಂದು ಮೂಲೆಯಲ್ಲಿ ಹುಡುಗನೊಬ್ಬ ಗಿಟಾರ್ ಹಿಡಿದು ಹಾಡುತ್ತಿದ್ದ. ಹುಡುಗಿಯರು ಇಬ್ಬಿಬ್ಬರೇ ನಗುತ್ತಾ ಹೋಗುತ್ತಿದ್ದರು. ಕುಡಿದು ತೂರಾಡುವವರೂ ಕಂಡರು, ದುರುಗುಟ್ಟಿ ನೋಡುವವರೂ ಇದ್ದರು. ಇಲ್ಲ ಅನ್ನಲ್ಲ. ಆದರೆ ನನಗೆ ನಲವತ್ತಮೂರು ವರ್ಷ. ದಸರಾ ಲೈಟಿಂಗ್ ನೋಡೋಕೆ ಮೈಸೂರಿಗೆ ಹೋಗಿದ್ದೀನಿ, ಅದೂ ಅಪ್ಪನ ಜೊತೆ, ಆಮೇಲೆ ಗಂಡನ ಜೊತೆ. ರಾತ್ರಿ ಸುಮ್ನೆ ಬೀದಿಯಲ್ಲಿ ಅಡ್ಡಾಡಿದ್ದು ಇದೇ ಮೊದಲು. ಖುಷಿಯಾಯ್ತು.

ಊಟ ಮುಗಿಸಿ ಹೊರಗೆ ಬಂದು, ಒಂದು ಪಬ್ಬಿನ ಬಾಗಿಲ ಹತ್ತಿರ ಆಟೋಗೆ ಕಾಯುತ್ತಾ ಮಾತಾಡಿಕೊಂಡು ನಿಂತಿದ್ದೆವು. ಬಾಗಿಲು ಕಾಯುತ್ತಿದ್ದವರು ನಮ್ಮ ಮಾತು ಕೇಳಿ ತಿರುಗಿದರು.

"ಮಂಡ್ಯ ಕಡೆಯೋರಾ ಅವ್ವ?"

"ಹೌದಣ್ಣ. ನಿಮ್ದು?"

"ಮಳವಳ್ಳಿ ತಾಲ್ಲೂಕು ಕಣವ್ವ. ಒಳಗೆ ಪಾತ್ರೆ ತೊಳಿಯೋ ಹುಡುಗನೂವೆ ನಮ್ ಕಡೆಯವ್ನೇ, ಮದ್ದೂರವ್ನು."

ಐವತ್ತೈದು ದಾಟಿರಬೇಕು. ಯೂನಿಫಾರ್ಮ್ ಅಳತೆಯದ್ದಲ್ಲ. ತೋಳನ್ನು ನಾಲ್ಕು ಮಡಿಕೆ ಮಡಿಸಿದ್ದರು. ಸಂಜೆ ಆರಕ್ಕೆ ನಿಂತವರು ಕೂತೇ ಇಲ್ಲ. ಕೂರೋಕೆ ಸ್ಟೂಲೇ ಇಲ್ಲ. ಒಮ್ಮೆ ಬಲಗಾಲಿನ ಮೇಲೆ ಭಾರ ಬಿಡುತ್ತಿದ್ದರು, ಒಮ್ಮೆ ಎಡಗಾಲಿನ ಮೇಲೆ. ಗೇಟಿನ ಮೊಳೆಗೆ ತೂಗುಹಾಕಿದ್ದ ಚೀಲದಲ್ಲಿ ಊಟದ ಡಬ್ಬಿ. ಮುದ್ದೆ, ಉಪ್ಸಾರು. ತಿನ್ನೋದು ಒಂದು ಗಂಟೆಗೆ ಬಾಗಿಲು ಹಾಕಿದ ಮೇಲೆ.

"ಆಮೇಲೆ ರೂಮಿಗೆ ಹೆಂಗೆ ಹೋಗ್ತೀರಣ್ಣ?"

"ಎಲ್ಲಿಗೋಗದವ್ವ ಆ ಹೊತ್ನಲ್ಲಿ? ಇಲ್ಲೇ ಮೆಟ್ಲ ಮೇಲೆ ಒರಗ್ಕತೀನಿ. ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಹೋಯ್ತೀನಿ."

ಪಬ್ಬು ಒಂದು ಗಂಟೆವರೆಗೆ ತೆಗೆದಿರಬಹುದು. ಮೆಟ್ರೋ ಹನ್ನೊಂದರ ಸುಮಾರಿಗೇ ಮುಗಿಯುತ್ತೆ. ರಾತ್ರಿ ಹತ್ತಾದ ಮೇಲೆ ಆಟೋಗೆ ಒಂದೂವರೆ ಪಟ್ಟು. ಕುಡಿಯೋಕೆ ಬಂದವರು ಕಾರಲ್ಲಿ ಹೋಗ್ತಾರೆ. ಲೋಟ ತೊಳೆದವನು, ಬಾಗಿಲು ಕಾದವನು ಏನು ಮಾಡಬೇಕು?

ನನಗೆ ಬೇಜಾರಾಗಿದ್ದು ಇದಕ್ಕೆ. ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಕರೆಂಟು ಹುಟ್ಟಿತು. ಮೊದಲು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿ ದೀಪ ಹತ್ತಿಸಿತು. ಆ ಊರಿನ ರಾತ್ರಿಗೆ ಮೊದಲ ಕರೆಂಟಿನ ಬೆಳಕು ಕೊಟ್ಟಿದ್ದು ನಮ್ಮ ಕಾವೇರಿ. ಇವತ್ತಿಗೂ ಅದೇ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ದೂರಕ್ಕೆ ನೀರನ್ನು ಪಂಪ್ ಮಾಡುತ್ತಾರೆ. ಆ ಹುಡುಗ ಲೋಟ ತೊಳೆಯುವ ನಲ್ಲಿಯಲ್ಲೂ ಅದೇ ನೀರು ಬರುತ್ತಿರಬಹುದು. ಬೆಳಕು ನಮ್ಮ ಕಡೆಯದು, ನೀರು ನಮ್ಮ ಕಡೆಯದು, ಬಾಗಿಲಲ್ಲಿ ನಿಂತವರೂ ನಮ್ಮವರೇ. ಅವರಿಗೊಂದು ಸ್ಟೂಲ್ ಇಲ್ಲ ಅಂದ್ರೆ ಹೇಗೆ?

ದೊಡ್ಡ ಮಾತೇನೂ ಕೇಳ್ತಿಲ್ಲ. ಅಂಗಡಿಯಲ್ಲಿ ಕೆಲಸ ಮಾಡುವವರಿಗೆ ಕೂರಲು ಜಾಗ ಕೊಡಬೇಕು ಅಂತ ಕೇರಳ 2018ರಲ್ಲಿ ಕಾನೂನು ತಂದಿದೆ, ತಮಿಳುನಾಡು 2021ರಲ್ಲಿ ತಂದಿದೆ. ನಮ್ಮಲ್ಲೂ ಬರಲಿ, ಬಾಗಿಲು ಕಾಯುವವರನ್ನೂ ಅದರಲ್ಲಿ ಸೇರಿಸಲಿ. ಪಬ್ಬು ಮುಚ್ಚಿದ ಮೇಲೂ ಒಂದು ಗಂಟೆ ಮೆಟ್ರೋ ಓಡಲಿ, ಆಗದಿದ್ದರೆ ಬಸ್ಸಾದರೂ ಇರಲಿ. ಆ ಬಸ್ಸಿದ್ದರೆ ನನ್ನ ಅಕ್ಕನ ಮಗಳಿಗೂ ಧೈರ್ಯ, ಅಲ್ವಾ?

"ಬೆಂಗಳೂರಿನ ರಾತ್ರಿ ಹುಡುಗರನ್ನ ಕೆಡಿಸ್ತಿದೆ" ಅಂತ ನಮ್ಮೂರಲ್ಲಿ ಕಟ್ಟೆ ಮೇಲೆ ಕೂತು ಮಾತಾಡ್ತೀವಿ. ನಾನೂ ಮಾತಾಡಿದ್ದೀನಿ. ಆ ರಾತ್ರಿಯನ್ನ ಹೊತ್ತು ನಿಂತಿರುವ ನಮ್ಮವರ ಬಗ್ಗೆ ಮಾತ್ರ ಒಂದು ದಿನವೂ ಮಾತಾಡಿಲ್ಲ. ಅಕ್ಕನ ಮಗಳಿಗೆ ಇನ್ನು ಹೋಗ್ಬೇಡ ಅನ್ನಲ್ಲ.

ಆಟೋ ಬಂತು. ಹತ್ತುವಾಗ ಅಣ್ಣ ಹತ್ತಿರ ಬಂದು ಕೇಳಿದರು: "ನಾಲೆಗೆ ನೀರು ಬುಟ್ಟವ್ರಾ ಅವ್ವ?"

ಬಿಟ್ಟಿದ್ದಾರೆ ಅಂದೆ.

ಬೆರಳು ಮಡಿಸಿ ಏನೋ ಲೆಕ್ಕ ಹಾಕಿದರು. "ಹಂಗಾರೆ ನಾಟಿಗೆ ನಾಕು ದಿನ ರಜ ಕೇಳ್ಬೇಕು" ಅಂದರು.