ಗುಟ್ಕಾ ಚೀಟಿಯ ಸಮುದ್ರಯಾನ

‘ಸಮುದ್ರ ಎಲ್ಲದ, ಕಲಬುರಗಿ ಎಲ್ಲದರೀ?’ ಎಂದು ನಗಬೇಡಿ. ನಮ್ಮೂರಿಂದ ಕಡಲಿಗೆ ನೇರ ಸೇವೆ ಇದೆ. ಪಾನ್ ಡಬ್ಬಿ ಮುಂದಿನ ಗಟಾರದಲ್ಲಿ ಹತ್ತಿದರೆ ನಾಲಾ, ನಾಲಾದಿಂದ ಭೀಮಾ, ಯಾದಗಿರಿ ಜಿಲ್ಲೆ ದಾಟುವಾಗ ಕೃಷ್ಣಾ, ಕೊನೇ ಸ್ಟಾಪು ಆಂಧ್ರದ ಹಂಸಲದೀವಿ, ಬಂಗಾಳ ಕೊಲ್ಲಿ. ಬೀದರಿನವರಿಗೆ ಮಾಂಜ್ರಾ–ಗೋದಾವರಿ ಎಂಬ ಬೇರೆ ಲೈನೇ ಉಂಟು.

ಖಾಯಂ ಪ್ರಯಾಣಿಕ ಗುಟ್ಕಾ ಚೀಟಿ. ಅದರ ಸಂತಾನ ಬೆಳೆಸಿದ್ದು ನಿಷೇಧವೇ! 2011ರ ನಿಯಮ ಗುಟ್ಕಾವನ್ನು ಪ್ಲಾಸ್ಟಿಕ್ಕಿನಲ್ಲಿ ತುಂಬಬಾರದು ಎಂದಿತು. 2013ರಲ್ಲಿ ರಾಜ್ಯ ಗುಟ್ಕಾವನ್ನೇ ನಿಷೇಧಿಸಿತು. ಕೂಡಲೇ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಆಯಿತು. ಎರಡನ್ನೂ ಹರಿದು ಬೆರೆಸುವ ಕೆಲಸ ಗಿರಾಕಿಯದು. ಕಾನೂನಿಗೂ ಸಮಾಧಾನ, ಬಾಯಿಗೂ ಸಮಾಧಾನ. ಗಟಾರಕ್ಕೆ ಮಾತ್ರ ಒಂದಿದ್ದದ್ದು ಎರಡು. ಹಲ್ಲಿನಿಂದ ಕಿತ್ತ ತುದಿ ಎಣಿಸಿದರೆ ನಾಲ್ಕು. ಪ್ಲಾಸ್ಟಿಕ್ಕು, ಲೋಹದ ಪದರ ಅಂಟಿಸಿ ಮಾಡಿದ ಚೀಟಿ ಇದು, ಬಿಡಿಸಲು ಬಾರದು. ಗುಜರಿಯಲ್ಲಿ ಬೆಲೆಯಿಲ್ಲ, ಆದ್ದರಿಂದ ಚಿಂದಿ ಆಯುವವರೂ ಮುಟ್ಟುವುದಿಲ್ಲ.

ಬೇಸಿಗೆ ಪೂರ್ತಿ ನಾಲಾದಲ್ಲೇ ವಸ್ತಿ. ದೊಡ್ಡ ಮಳೆಗೆ ಹೊರಡುತ್ತದೆ. ದಾರಿಯಲ್ಲಿ ಕೃಷ್ಣೆಯ ಅಣೆಕಟ್ಟುಗಳು: ಜುರಾಲಾ, ಶ್ರೀಶೈಲಂ, ನಾಗಾರ್ಜುನಸಾಗರ, ಪುಲಿಚಿಂತಲ, ಪ್ರಕಾಶಂ ಬ್ಯಾರೇಜು. ನಮ್ಮ ಎರೆಮಣ್ಣು ಈ ನಿಂತ ನೀರಿನಲ್ಲಿ ತಳಕ್ಕೆ ಕೂತುಬಿಡುತ್ತದೆ. ಚೀಟಿಗಳಲ್ಲೂ ಕೆಲವು ಇಳಿದುಕೊಳ್ಳುತ್ತವೆ. ಪ್ರವಾಹಕ್ಕೆ ಗೇಟು ಎತ್ತಿದಾಗ ಉಳಿದವು ಮುಂದೆ. ನದಿಮುಖದ ನೆಲ ಕಟ್ಟಿದ್ದೇ ಹೊಳೆ ತಂದ ಹೂಳು. ಅದು ಬರದಿದ್ದರೆ ಅಲೆ ದಡ ತಿನ್ನುತ್ತದೆ. ಕಡಲು ಮಣ್ಣು ಕೇಳಿತು, ನಾವು ತಡೆದು ಇಟ್ಟುಕೊಂಡೆವು. ಚೀಟಿಯನ್ನು ಅದು ಕೇಳಿಯೇ ಇರಲಿಲ್ಲ.

ಅಲ್ಲಿನ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕೆಸರಲ್ಲಿ ಗಾಳಿ ಇಲ್ಲ. ಅದಕ್ಕೇ ಬೇರುಗಳು ಪೆನ್ಸಿಲ್ ನೆಟ್ಟಂತೆ ಮೇಲಕ್ಕೆ ಬಂದು ಉಸಿರಾಡುತ್ತವೆ. ನೀರು ಇಳಿದಾಗ ಕ್ಯಾರಿಬ್ಯಾಗು ಅವುಗಳ ತಲೆಗೆ ಕುಲಾವಿಯಂತೆ ಕೂರುತ್ತದೆ. ಕುಲಾವಿ ಬೆಚ್ಚಗಿದೆ, ಉಸಿರು ಮಾತ್ರ ಇಲ್ಲ.

ಉಪಾಯ ಇಲ್ಲವೆಂದಲ್ಲ. ನಾಲಾ ಬಾಯಿಗೆ ಕಬ್ಬಿಣದ ಜಾಲರಿ ಹಾಕಬೇಕು, ಪ್ರತಿ ಮಳೆಯ ನಂತರ ಕಸ ಎತ್ತಬೇಕು. ಹಾಕುವ ಕೆಲಸಕ್ಕೆ ಟೆಂಡರ್ ಇರುತ್ತದೆ, ಫೋಟೋ ಇರುತ್ತದೆ. ಎತ್ತುವ ಕೆಲಸಕ್ಕೆ ಎರಡೂ ಇಲ್ಲ. ಎರಡನೇ ಮಳೆಗೆ ಜಾಲರಿ ಕಟ್ಟಿಕೊಂಡು ಗಟಾರದ ನೀರು ಮನೆಗೆ ನುಗ್ಗುತ್ತದೆ. ರಾತ್ರೋರಾತ್ರಿ ಓಣಿಯವರು ಅದನ್ನು ಕಿತ್ತು ಬದಿಗಿಡುತ್ತಾರೆ. ಬೆಳಗಾಗುವಷ್ಟರಲ್ಲಿ ಜಾಲರಿ ಗುಜರಿ ಸೇರಿರುತ್ತದೆ. ಕಬ್ಬಿಣಕ್ಕೆ ಬೆಲೆ ಇದೆಯಲ್ಲ.